ಪ್ಲಾಟಿನವರು ಬರುವ ತನಕ

ಹೇಮಲತಾ ಮಾತು ತೆಗೆಯುವಷ್ಟರಲ್ಲಿ ಗೇಟಿನ ಬಳಿಯಿದ್ದ ಹುಡುಗಿ ಅವಳ ತಲೆಗೊಂದು ಹಸಿರು ಟೋಪಿ ಇಟ್ಟು, ಕೈಗೆ ಮೂರು ಕೆಂಪು ರಿಬ್ಬನ್ನು ತುರುಕಿಬಿಟ್ಟಳು. ಬೆಳಗಿನಿಂದ ಬಾಚದ ಕೂದಲು, ಅತ್ತು ಊದಿದ ಕಣ್ಣು ಯಾವುದೂ ಆ ಹುಡುಗಿಗೆ ಕಾಣಲಿಲ್ಲ. ಎದೆಯ ಮೇಲಿನ ಬಿಲ್ಲೆಯಲ್ಲಿ ಹರ್ಷಿತಾ ಎಂದು ಬರೆದಿತ್ತು.

"ಯಾವ ಊರು ಮೇಡಂ? ಇಷ್ಟ ಆದ ಮೂರು ಸಾಲಿನ ಗೂಟಕ್ಕೆ ಒಂದೊಂದು ರಿಬ್ಬನ್ ಕಟ್ಟಿ. ಊಟ ಒಂದೂವರೆಗೆ."

"ನಾನು ತರಕಾರಿ ನೋಡೋಕೆ ಬಂದಿಲ್ಲ ಕಣಮ್ಮ. ನಮ್ಮಮ್ಮ ತೀರ್ಕೊಂಡವ್ರೆ. ಇಲ್ಲಿ ಕೆಲಸ ಮಾಡೋ ಹೆಂಗಸರನ್ನ ಕರ್ಕೊಂಡ್ ಹೋಗ್ಬೇಕು."

ಹುಡುಗಿಯ ಮುಖ ಒಂದು ಗಳಿಗೆ ಬಾಡಿತು. ಅಷ್ಟರಲ್ಲಿ ಬಿಕ್ಕೋಡಿನ ಕಡೆಯಿಂದ ಜೀಪೊಂದು ಜನ ತುಂಬಿಕೊಂಡು ಬಂತು. ಇಂದ್ರೇಶ್ ಸರ್ ಒಳಗಿದ್ದಾರೆ, ಅವರನ್ನೇ ಕೇಳಿ ಎಂದವಳೇ ಟೋಪಿಯ ಕಟ್ಟು ಹಿಡಿದು ಅತ್ತ ಓಡಿದಳು.

ಹುಲಿಕೆರೆ ರಸ್ತೆಯ ಆ ಬೀಜದ ಕಂಪನಿಯ ಪ್ಲಾಟಿನಲ್ಲಿ ಅಂದು ಕ್ಷೇತ್ರೋತ್ಸವ. ಹೊಸ ತಳಿಗಳನ್ನು ಸಾಲುಸಾಲಾಗಿ ಬೆಳೆಸಿ, ರೈತರಿಗೂ ಅಂಗಡಿಯವರಿಗೂ ತೋರಿಸುವ ದಿನ. ಹೇಮಲತಾಳ ತಾಯಿ ಶಿವಗಂಗಮ್ಮ ಹದಿನೆಂಟು ವರ್ಷ ಇಲ್ಲೇ ದುಡಿದವಳು, ಜೊತೆಯ ಏಳು ಜನ ಹೆಂಗಸರಿಗೆ ಹಿರಿಯಳು. ನಿನ್ನೆ ಸಂಜೆ ಬಸ್ತಿಹಳ್ಳಿಯ ಮನೆಯಲ್ಲಿ ಕಾಫಿ ಕುಡಿದು ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಮೂರು ಗಂಟೆಗೆ ಮಣ್ಣು. ಕಳೆದ ದೀಪಾವಳಿಗೆ ಅರಸೀಕೆರೆಯಿಂದ ಬಂದಿದ್ದ ಮಗಳಿಗೆ ಅವಳು ಹೇಳಿದ್ದು ಒಂದೇ ಮಾತು: "ನೆಂಟರು ಬರ್ದಿದ್ರೂ ಚಿಂತೆಯಿಲ್ಲ. ನಮ್ ಪ್ಲಾಟಿನೋರು ಒಂದೊಂದು ಹಿಡಿ ಮಣ್ಣು ಹಾಕ್ಬೇಕು ಕಣೇ." ಆಗಲಿ ಎಂದು ಹೇಮಲತಾ ಮಾತು ಕೊಟ್ಟಿದ್ದಳು. ಈಗ ಹನ್ನೆರಡೂವರೆ.

ಒಳಗೆ ಹಗ್ಗ ಕಟ್ಟಿ ಒಂದೇ ದಾರಿ ಬಿಟ್ಟಿದ್ದರು. ಮುಂದಿದ್ದ ಗುಂಪು ಸರಿಯದೆ ತಾನು ಸರಿಯುವಂತಿಲ್ಲ. ಟೊಮೆಟೊ ಮುಗಿದರೆ ಹೀರೆ, ಹೀರೆ ಮುಗಿದರೆ ಮೆಣಸಿನಕಾಯಿ. ಒಂದೊಂದು ಗೂಟದಲ್ಲೂ ಬರೀ ನಂಬರು. ಪಕ್ಕದಲ್ಲಿದ್ದ ಮೀಸೆಯ ಯಜಮಾನನೊಬ್ಬ, ಈ ಹೀರೇಕಾಯಿ ಪೇಟೆ ತನಕ ಬಾಡದೆ ಹೋದೀತಾ ಎಂದು ಅವಳನ್ನೇ ಕೇಳಿದ. ಹೇಮಲತಾಳಿಗೆ ಅಳು ಬರುವ ಬದಲು ಮೈಯೆಲ್ಲ ಉರಿಯಿತು.

ಬದನೆ ಸಾಲಿನ ಕೊನೆಯಲ್ಲಿ ಅಮ್ಮನ ಗುಂಪಿನ ಮೀನಾಕ್ಷಿ ಸಿಕ್ಕಳು. ಕಂಪನಿಯ ಸೀರೆ, ಕಂಪನಿಯ ಟೋಪಿ, ಕೈಯಲ್ಲಿ ಹೆಚ್ಚಿದ ಕಾಯಿಯ ತಟ್ಟೆ. ಹೇಮಲತಾಳನ್ನು ಕಂಡದ್ದೇ ತಟ್ಟೆಯನ್ನು ಬದುವಿನ ಮೇಲಿಟ್ಟು ಹತ್ತಿರ ಬಂದಳು.

"ರಾತ್ರಿನೇ ಗೊತ್ತಾಯ್ತು ಕಣವ್ವ. ಇವತ್ತು ಬಿಟ್ಟೋದೋರು ನಾಳೆಯಿಂದ ಬರೋದೇ ಬ್ಯಾಡ ಅಂದವ್ರೆ. ನಾಕು ಗಂಟೆಗೆ ಬಿಡ್ತಾರಂತೆ."

ಪ್ಲಾಟಿನ ಉಸ್ತುವಾರಿಯ ಇಂದ್ರೇಶ್ ಬಂದ. ದನಿ ಎತ್ತುವ ಮನುಷ್ಯನಲ್ಲ. ಶಿವಗಂಗಮ್ಮನಂಥವರು ಸಿಗುವುದಿಲ್ಲ ಎಂದ, ಹಾರ ಕಳಿಸಿದ್ದೇವೆ ಎಂದ, ನಾಲ್ಕಕ್ಕೆ ತಾನೇ ವ್ಯಾನು ಮಾಡಿ ಕಳಿಸುತ್ತೇನೆ ಎಂದ. ಮೂರಕ್ಕೆ ಮಣ್ಣು ಎಂದು ಅವಳು ಎರಡು ಸಲ ಹೇಳಿದಳು. ಎರಡು ಸಲವೂ ಅವನು ತಲೆಯಾಡಿಸಿ, ನಾಲ್ಕಕ್ಕೆ ಎಂದ. ಕೈಮುಗಿದು ಮಾತಾಡುವವನ ಮೇಲೆ ರೇಗುವುದಾದರೂ ಹೇಗೆ?

*

ಹೇಮಲತಾಳಿಗೆ ಆಗ ಹನ್ನೆರಡು ವರ್ಷ. ಬೀಜ ಹಾಕುವ ಟ್ರೇಗಳು ಇನ್ನೂ ಬಂದಿರಲಿಲ್ಲ. ಸಸಿಮಡಿಯನ್ನು ಕೈಯಲ್ಲೇ ಹದ ಮಾಡಬೇಕು. ರಜೆಯ ದಿನ ಅಮ್ಮನ ಪಕ್ಕ ಕೂತು ಅವಳೂ ಮಣ್ಣು ಪುಡಿ ಮಾಡುತ್ತಿದ್ದಳು. ಬೇಸರವಾಗಿ ಎದ್ದರೆ ಶಿವಗಂಗಮ್ಮ ಲಂಗ ಹಿಡಿದು ಕೂರಿಸುತ್ತಿದ್ದಳು.

"ಕಡ್ಲೆಕಾಳಿಗಿಂತ ದೊಡ್ಡ ಹೆಂಟೆ ಇರಕೂಡದು. ಅದರಡಿ ಸಿಕ್ಕಿದ ಬೀಜ ಮೇಲಕ್ಕೆ ಬರೋದೆಂಗೆ?"

ಅದೇ ವರ್ಷದ ಉತ್ಸವದಲ್ಲಿ ನೆಲಕ್ಕೆ ಬಿದ್ದಿದ್ದ ರಿಬ್ಬನ್ನೊಂದನ್ನು ಎತ್ತಿಕೊಂಡ ಶಿವಗಂಗಮ್ಮ, ನಾನೂ ಕಟ್ಟಬಹುದಾ ಎಂದು ಆಗಿನ ಸಾಹೇಬರನ್ನು ಕೇಳಿದ್ದಳು. ಅವರು ನಕ್ಕು, ಅದು ನೋಡಲು ಬಂದವರಿಗೆ ಎಂದರು. ಸಂಜೆ ಆ ರಿಬ್ಬನ್ನು ಹೇಮಲತಾಳ ಜಡೆಗೆ ಬಂತು. ಸ್ಕೂಲಿನಲ್ಲಿ ಎರಡು ದಿನ ಮೆರೆದಳು. ಅದರ ಕತೆ ಅವಳಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

*

ಹೊರಡುವ ಮುನ್ನ ಅವಳು ಮೀನಾಕ್ಷಿಯನ್ನು ಕೇಳಿದಳು, ಈ ಸಲ ಅಮ್ಮನಿಗೆ ಯಾವ ಸಾಲು ಹಿಡಿಸಿತ್ತು ಎಂದು.

"ಹದಿನೇಳು. ಕಾಯಿ ಸಣ್ಣದು, ಯಾರೂ ತಿರುಗಿ ನೋಡಕಿಲ್ಲ. ರುಚಿ ಐತೆ, ಹುಳ ಮುಟ್ಟಲ್ಲ ಅಂತಿತ್ತು ಅಕ್ಕ."

ಹೇಮಲತಾ ಮೂರೂ ರಿಬ್ಬನ್ನನ್ನು ಹದಿನೇಳರ ಗೂಟಕ್ಕೇ ಬಿಗಿದಳು. ಅತ್ತ ಬಂದ ಹರ್ಷಿತಾ, ಒಂದು ಸಾಲಿಗೆ ಒಂದೇ ಕಟ್ಟಬೇಕು ಮೇಡಂ ಎಂದಳು. ಹೇಮಲತಾ ಟೋಪಿ ತೆಗೆದು ಅವಳ ಕೈಗೆ ಕೊಟ್ಟು ನಡೆದಳು.

*

ಬಸ್ತಿಹಳ್ಳಿಯ ಹೊಲದ ಮೂಲೆಯಲ್ಲಿ ಗುಣಿ ಸಿದ್ಧವಾಗಿತ್ತು. ಹಣೆತುಂಬ ವಿಭೂತಿ ಬಳಿಸಿಕೊಂಡು ಶಿವಗಂಗಮ್ಮ ಕುರ್ಚಿಯಲ್ಲಿ ಕೂತಿದ್ದಳು. ಅಣ್ಣ ಚನ್ನೇಶ್ ತಂಗಿಯ ಹಿಂದೆ ನೋಡಿದ, ಯಾರೂ ಇರಲಿಲ್ಲ.

"ನಾಕಕ್ಕೆ ಬಿಡ್ತಾರಂತೆ. ಸ್ವಲ್ಪ ಕಾಯಣ್ಣ."

ಕಾದರು. ಮೂರಾಯಿತು, ಮೂರೂವರೆಯಾಯಿತು. ಬೇಲೂರಿನ ಬಸ್ಸು ತಪ್ಪುತ್ತದೆಂದು ನೆಂಟರು ಗೊಣಗಿದರು. ಕ್ರಿಯೆ ಮಾಡಿಸಲು ಬಂದಿದ್ದ ಹೊನ್ನಯ್ಯನವರು ತಮಗೆ ಇನ್ನೊಂದು ಊರಿಗೂ ಹೋಗುವುದಿದೆ ಎಂದು ಮೆಲ್ಲಗೆ ನೆನಪಿಸಿದರು.

"ಎಷ್ಟೊತ್ತು ಅಂತ ಕೂರ್ಸೋದು ಹೇಮ? ಅಮ್ಮ ಕಣೇ ಅದು," ಎಂದ ಚನ್ನೇಶ್. ಅವಳು ಪಕ್ಕಕ್ಕೆ ಸರಿದಳು.

ಅಮ್ಮನನ್ನು ಇಳಿಸಿ, ಬಿಲ್ವಪತ್ರೆ ವಿಭೂತಿ ಹಾಕಿ, ಮನೆಯವರೆಲ್ಲ ಹಿಡಿ ಮಣ್ಣು ಹಾಕಿದ ಮೇಲೆ ಗಂಡಸರು ಸನಿಕೆ ಹಿಡಿದರು. ಹತ್ತೇ ನಿಮಿಷದಲ್ಲಿ ಮುಗಿಯಿತು. ದಪ್ಪದಪ್ಪ ಹೆಂಟೆಗಳನ್ನು ಹಾಗೇ ರಾಶಿ ಹಾಕಿ, ಮೇಲೊಂದು ಹಾರ ಎಸೆದು ಕೈಕಾಲು ತೊಳೆಯಲು ಹೋದರು. ಅಮ್ಮ ಕೇಳಿದ್ದು ಒಂದೇ ಒಂದು, ಅದನ್ನೂ ನಡೆಸಲಾಗಲಿಲ್ಲವಲ್ಲ ಎಂದು ಹೇಮಲತಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅವಳು ಅಲ್ಲೇ ಉಳಿದಳು.

ಐದಕ್ಕೆ ಹತ್ತು ನಿಮಿಷವಿದ್ದಾಗ ವ್ಯಾನು ಬಂತು. ಏಳೂ ಜನ ಇಳಿದು ಮುಚ್ಚಿದ ಗುಣಿಯ ಮುಂದೆ ನಿಂತರು. ಯಾರೂ ಅಳಲಿಲ್ಲ. ಮೀನಾಕ್ಷಿಯ ತಲೆಯ ಮೇಲೆ ಕಂಪನಿಯ ಟೋಪಿ ಹಾಗೇ ಇತ್ತು. ಅವಳು ಚಪ್ಪಲಿ ಬಿಟ್ಟು ಹತ್ತಿರ ಬಂದು ರಾಶಿಯನ್ನು ದಿಟ್ಟಿಸಿದಳು.

"ಇದೇನ್ ಹಿಂಗ್ ಬಿಟ್ಟವ್ರೆ," ಎಂದಳು.

ಹಾರವನ್ನು ಪಕ್ಕಕ್ಕಿಟ್ಟು, ಕುಕ್ಕರಗಾಲಲ್ಲಿ ಕೂತು, ಒಂದು ಹೆಂಟೆ ಎತ್ತಿಕೊಂಡು ಎರಡೂ ಅಂಗೈ ನಡುವೆ ಪುಡಿ ಮಾಡಿದಳು. ಉಳಿದವರೂ ಸುತ್ತ ಕೂತರು. ಹೇಮಲತಾಳೂ ಕೈ ಹಾಕಿದಳು. ಮಣ್ಣು ಬೆರಳ ಸಂದಿಯಿಂದ ನುಣ್ಣಗೆ ಜಾರತೊಡಗಿತು.

ವ್ಯಾನಿನವನು ಎರಡು ಸಲ ಹಾರ್ನ್ ಹೊಡೆದ. ಯಾರೂ ಏಳಲಿಲ್ಲ, ಮೀನಾಕ್ಷಿಯ ಕೈಗೆ ಇನ್ನೊಂದು ಹೆಂಟೆ ಸಿಕ್ಕಿತ್ತು.