ದಾಕ್ಷಾಯಣಮ್ಮನ ಹಿಮ್ಮಡಿಯ ಕಪ್ಪು

ನರಸಿಂಹರಾಜಪುರದ ಮಂಡಿಯಲ್ಲಿ ದಾಕ್ಷಾಯಣಮ್ಮನ ಬೆರಳನ್ನು ಏಮಾರಿಸಿದ ಅಡಿಕೆ ಇನ್ನೂ ಹುಟ್ಟಿಲ್ಲ. ಮೂವತ್ತು ವರ್ಷ ಅಡಿಕೆ ಆರಿಸಿದ ಕೈ ಅದು. ಕಣ್ಣು ಮುಚ್ಚಿ ಮುಟ್ಟಿದರೂ ಸಾಕು, ಒಳಗೆ ಹುಳ ಹಿಡಿದದ್ದು ಯಾವುದೆಂದು ಹೇಳಿಬಿಡುತ್ತಿದ್ದಳು. ಅಂಥವಳು ತನ್ನ ಹಿಮ್ಮಡಿಯ ಕಪ್ಪು ಕಲೆಯನ್ನು ಎರಡು ವರ್ಷ ಚೊಗರು ಎಂದುಕೊಂಡು ಓಡಾಡಿದಳಲ್ಲ, ಏನು ಹೇಳೋಣ! ಅಡಿಕೆ ಬೇಯಿಸಿದ ಆ ಚೊಗರಿನ ನೀರು ತಗುಲಿ ಕೈಕಾಲು ಕಪ್ಪಾಗುವುದು ಈ ಕಡೆ ಯಾರಿಗೂ ದೊಡ್ಡ ಸಂಗತಿಯಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಹೋಗಲಿಲ್ಲ. ಹೋದರೆ ಹೋಗಲಿ, ಇದ್ದರೆ ಇರಲಿ ಎಂದಳು. ತೊಡೆಸಂದಿಯಲ್ಲಿ ಗಂಟೆದ್ದ ಮೇಲೆಯೇ ಅದು ಕ್ಯಾನ್ಸರ್ ಎಂದು ತಿಳಿದದ್ದು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಕಲೆಯನ್ನೂ ಗಂಟನ್ನೂ ಕೊಯ್ದು ತೆಗೆದರು, ಮದ್ದು ಕೊಟ್ಟರು. ಮದ್ದು ನಾಟಲಿಲ್ಲ. ಆರು ತಿಂಗಳಿಗೆ ಶ್ವಾಸಕೋಶದಲ್ಲಿ ಮೂರು ಗಂಟು ಕಂಡವು. ಹೊಸ ಚಿಕಿತ್ಸೆಯೊಂದಿದೆ ಎಂದರೆ ದಾಕ್ಷಾಯಣಮ್ಮ ಜಪ್ಪಯ್ಯ ಎಂದರೂ ಒಪ್ಪಲೊಲ್ಲಳು. ಮಗಳು ರಮ್ಯ ಅತ್ತೂ ಕರೆದೂ ಸಾಕಾಗಿದ್ದಳು. ಕೊನೆಗೆ ಅದೇ ಆಸ್ಪತ್ರೆಯ ಡಾಕ್ಟರು ಅಪೂರ್ವಾ, ಪಕ್ಕದ ಕೊಪ್ಪದವಳು, ರಜೆಗೆಂದು ಊರಿಗೆ ಬಂದಾಗ ತಾನೇ ಮನೆ ಹುಡುಕಿಕೊಂಡು ಬಂದಳು.

"ಕೆಟ್ಟದ್ದು ಹೆಕ್ಕೋದೇ ನನ್ನ ಕಸುಬು," ಎಂದು ದಾಕ್ಷಾಯಣಮ್ಮ ಸಿಡುಕಿದಳು. "ನನ್ನ ಮೈಗೇ ನನ್ನ ಕೇಡು ಗೊತ್ತಾಗ್ಲಿಲ್ಲ. ಇಂಥ ದಂಡಪಿಂಡದ ಮೈಯನ್ನ ಎಂತಕ್ಕೆ ಉಳಿಸ್ಬೇಕು ಮಾರಾಯ್ತಿ?"

"ಗೊತ್ತಾಗಿತ್ತು, ಅಮ್ಮ."

ದಾಕ್ಷಾಯಣಮ್ಮ ತಲೆಯೆತ್ತಿದಳು.

"ನಿಮ್ಮ ಒಂದೊಂದು ಜೀವಕೋಶನೂ ತನ್ನೊಳಗಿನ ಪ್ರೋಟೀನಿನ ಚೂರನ್ನ ಹೊರಗೆ ಹಿಡಿದು ತೋರಿಸ್ತಿರುತ್ತೆ," ಎಂದಳು ಅಪೂರ್ವಾ. "ಮಂಡಿಗೆ ಬಂದ ಮೂಟೆಯಿಂದ ಒಂದು ಹಿಡಿ ತೆಗೆದು ಮೊರಕ್ಕೆ ಹಾಕಲ್ವಾ, ಹಾಗೆ. ಟಿ ಕೋಶ ಅಂತ ಇದಾವೆ, ಅವು ಆರಿಸೋರು. ಅವುಗಳ ಮೈಮೇಲೆ ಗ್ರಾಹಕ, ಅಂದ್ರೆ ರಿಸೆಪ್ಟರ್ ಅಂತ ಇರುತ್ತೆ, ಅದೇ ಅವುಗಳ ಬೆರಳು. ಅದು ಮೊರವನ್ನೂ ಮುಟ್ಟುತ್ತೆ, ಮೊರದಲ್ಲಿರೋ ಚೂರನ್ನೂ ಮುಟ್ಟುತ್ತೆ. ಎರಡೂ ಸೇರಿದ್ರೇ ಅದಕ್ಕೆ ತಿಳಿಯೋದು."

"ಚೂರು ಅಂದ್ರೆ ಎಷ್ಟು?"

"ಒಂಬತ್ತು ಮಣಿ ಪೋಣಿಸಿದ ಹಾಗಿರುತ್ತೆ. ನಿಮ್ಮ ಗಂಟಿನಲ್ಲಿ ಒಂದು ಮಣಿ ಬದಲಾಗಿತ್ತು."

"ಒಂದೇ?"

"ಒಂದೇ. ಅಷ್ಟು ಸಣ್ಣದನ್ನೂ ಕಂಡುಹಿಡಿದ ಟಿ ಕೋಶಗಳು ನಾವು ಕೊಯ್ದ ಗಂಟಿನೊಳಗೇ ಸಿಕ್ಕವು. ಸ್ವಲ್ಪವೇ ಇದ್ದವು, ಪಾಪ, ಸೋತುಹೋಗಿದ್ದವು. ಗಂಟಿನ ಚೂರು ತೆಗೆದಿಟ್ಟಿದ್ದೀವಿ. ಅದರಿಂದ ಅವನ್ನೇ ಬೆಳೆಸಿ ನಿಮಗೆ ವಾಪಸ್ ಕೊಡ್ತೀವಿ."

ದಾಕ್ಷಾಯಣಮ್ಮ ಕಣ್ಣು ಕಿರಿದು ಮಾಡಿದಳು. ಹೊಸದಾಗಿ ಆರಿಸಲು ಬಂದವಳಿಗೆ ಮೊದಲ ದಿನ ಬರೀ ಒಳ್ಳೆಯ ಅಡಿಕೆಯನ್ನೇ ಮೊರಕ್ಕೆ ಸುರಿದುಕೊಡುವುದು ಅವಳ ಪದ್ಧತಿ. ಜಾಣತನ ತೋರಿಸಲು ಹೋಗಿ ಅದರಲ್ಲೂ ನಾಲ್ಕು ಹೆಕ್ಕಿ ಎಸೆದವಳನ್ನು ಸಂಜೆಯೊಳಗೆ ಮನೆಗೆ ಅಟ್ಟುತ್ತಿದ್ದಳು.

"ಒಳ್ಳೇದನ್ನೂ ಎತ್ತಿ ಬಿಸಾಕಿದ್ರೆ? ಅವಕ್ಕೆ ಒಳ್ಳೇ ಮೊರ ಕೊಟ್ಟು ನೋಡಿದೀರಾ?" ಎಂದು ಕೇಳಿ, ತನ್ನ ಪದ್ಧತಿಯನ್ನು ವಿವರಿಸಿದಳು.

ಅಪೂರ್ವಾ ಬೆರಗಾಗಿ ನಕ್ಕುಬಿಟ್ಟಳು. "ನಿಮ್ಮ ಮೈಯಲ್ಲೂ ಅದೇ ಪದ್ಧತಿ ಅಮ್ಮ! ಎದೆಮೂಳೆ ಹಿಂದೆ ಒಂದು ಗ್ರಂಥಿ ಇದೆ. ಎಳೇ ಟಿ ಕೋಶಗಳಿಗೆ ಅಲ್ಲಿ ಮೊದಲು ನಿಮ್ಮ ಒಳ್ಳೇದನ್ನೇ ತೋರಿಸೋದು. ಅದರ ಮೇಲೂ ಬೀಳೋವು ಬಹುಪಾಲು ಅಲ್ಲೇ ಮುಗಿದುಹೋಗ್ತಾವೆ. ಇವು ಅಲ್ಲಿ ಪಾಸಾಗಿ ಬಂದವು. ಆದ್ರೆ ಚಿಕಿತ್ಸೆ ಕಷ್ಟದ್ದು, ಗುಣ ಆಗೇ ಆಗುತ್ತೆ ಅಂತ ನಾನು ಮಾತು ಕೊಡಲ್ಲ."

"ಹಂಗಾದ್ರೆ ನನ್ನ ಮೈ ಸುಮ್ನೆ ಕೂತಿರ್ಲಿಲ್ಲ," ಎಂದವಳೇ ದಾಕ್ಷಾಯಣಮ್ಮ ಗಳಗಳ ಅತ್ತುಬಿಟ್ಟಳು. ವರ್ಷವಿಡೀ ನುಂಗಿಕೊಂಡಿದ್ದ ನಾಚಿಕೆಯೆಲ್ಲ ಹೊರಬಂತು. ಬಾಗಿಲಲ್ಲಿ ನಿಂತಿದ್ದ ರಮ್ಯಳೂ ಅಳತೊಡಗಿದಾಗ ತಾಯಿಗೆ ರೇಗಿತು. "ಎಂತ ನೋಡ್ತೀಯೇ, ನನ್ನ ಬಟ್ಟೆ ತುಂಬು!"

ಚಿಕಿತ್ಸೆಯಾಗಿ ಎರಡು ತಿಂಗಳ ಮೇಲೆ ತೆಗೆದ ಸ್ಕ್ಯಾನಿನಲ್ಲಿ ಒಂದು ಗಂಟು ಪೂರಾ ಹೋಗಿ, ಉಳಿದೆರಡು ಕುಗ್ಗಿದ್ದವು ಎಂಬುದು ಆಮೇಲಿನ ಮಾತು. ಕೋಟಿಗಟ್ಟಲೆ ಬೆಳೆಸಿದ ಆ ಕೋಶಗಳ ಚೀಲವನ್ನು ಮಂಚದ ಪಕ್ಕದ ಸ್ಟ್ಯಾಂಡಿಗೆ ನೇತುಹಾಕಿದ ದಿನ, ಮಬ್ಬು ನೀರು ತೊಟ್ಟಿಕ್ಕತೊಡಗಿದ್ದೇ ತಡ, ದಾಕ್ಷಾಯಣಮ್ಮ ನರ್ಸಿನ ಎದುರೇ ಅದಕ್ಕೆ ಕೈಮುಗಿದಳು.

"ತಪ್ಪಾಯ್ತು ಕಣ್ರೇ, ಸುಮ್‌ಸುಮ್ನೆ ನಿಮ್ಮನ್ನ ಬೈಕೊಂಡೆ. ಬರ್ರೇ ಒಳಗೆ."