ಭುಜ್‌ಗೆ ಹೆಣೆದ ಸ್ವೆಟರುಗಳು

ಗುಜರಾತಿನ ಭುಜ್‌ನಲ್ಲಿ ಭೂಕಂಪವಾಗಿ ಹದಿನಾರು ದಿನಕ್ಕೆ ಪೆರಂಬೂರಿನ ಲುಥೆರನ್ ಸಭೆಯ ಮಹಿಳಾ ಸಂಘಕ್ಕೆ ಕರುಣೆ ಬಂತು. ಅದಕ್ಕೂ ಮುಂಚೆಯೇ ಬರಬೇಕಿತ್ತು. ಆದರೆ ನಡುವೆ ಸಂಘದ ಪಾತ್ರೆಗಳಿಗೆ ಹೆಸರು ಕೆತ್ತಿಸುವ ಕೆಲಸವಿತ್ತು, ಅಧ್ಯಕ್ಷೆ ಸುಗಂತಿ ಪೊನ್ನುದುರೈ ಅವರ ಮಗಳ ನಿಶ್ಚಿತಾರ್ಥವೂ ಇತ್ತು. ಹೀಗಾಗಿ ಯಾರಿಗೂ ಪುರುಸೊತ್ತಾಗಿರಲಿಲ್ಲ.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಸಭಾಭವನದಲ್ಲಿ ಹದಿನೆಂಟು ಮಂದಿ ಹೆಂಗಸರು ಸೇರಿದರು. ಅವರಲ್ಲಿ ಹದಿನೇಳು ಮಂದಿ ತಮಿಳರು, ಒಬ್ಬಳು ರತ್ನಾವತಿ. ಉಡುಪಿಯ ಬಾಸೆಲ್ ಮಿಶನ್ ಕುಟುಂಬದಲ್ಲಿ ಹುಟ್ಟಿ, ರೈಲ್ವೆ ಬೋಗಿ ಕಾರ್ಖಾನೆಯ ಗುಮಾಸ್ತನನ್ನು ಮದುವೆಯಾಗಿ ಮದರಾಸಿಗೆ ಬಂದವಳು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಇದ್ದದ್ದು ಲುಥೆರನ್ ದೇವಾಲಯ; ಹಾಗಾಗಿ ಇಪ್ಪತ್ತಾರು ವರ್ಷಗಳಿಂದ ಅವಳು ಲುಥೆರನ್. ವಿಮಾ ಕಚೇರಿಯ ಕೆಲಸ, ಶನಿವಾರದ ಮೀನು, ಭಾನುವಾರದ ಸಂಘ, ಇಷ್ಟು ಅವಳ ವಾರ.

"ಅಲ್ಲಿ ಭಯಂಗರ ಕುಳಿರಾಮ್. ಪಾಪ, ಜನ ಬಯಲಲ್ಲಿ ಮಲಗಿದ್ದಾರಂತೆ," ಎಂದರು ಸುಗಂತಿ, ಕುಳಿರು ಎಂದರೆ ಚಳಿ ಎಂಬುದು ರತ್ನಾವತಿಗೆ ಮಾತ್ರ ಗೊತ್ತಿರಲಿಕ್ಕಿಲ್ಲ ಎಂಬಂತೆ ಅವಳ ಕಡೆ ನೋಡಿ ಮೈ ನಡುಗಿಸಿ ತೋರಿಸುತ್ತ. "ನಾವು ಸ್ವೆಟರ್ ಹೆಣೆದು ಕಳಿಸೋಣ."

ರತ್ನಾವತಿ ಎದ್ದು ನಿಂತಳು. ಸೌಕಾರ್‌ಪೇಟೆಯ ಗುಜರಾತಿ ವ್ಯಾಪಾರಿಗಳು ಎರಡನೆಯ ದಿನವೇ ಲಾರಿ ತುಂಬ ಕಂಬಳಿ ಕಳಿಸಿದ್ದಾರೆ, ನಾವೂ ಅಲ್ಲಿಯೇ ಕೊಂಡು ಅವರ ಮುಂದಿನ ಲಾರಿಗೆ ಹಾಕಿದರೆ ಈ ವಾರವೇ ತಲುಪುತ್ತದೆ ಎಂದಳು.

"ಅಂಗಡಿಯ ಕಂಬಳಿಯಲ್ಲಿ ಪ್ರೀತಿ ಎಲ್ಲಿದೆ ರತ್ನಾ?" ಎಂದರು ಸುಗಂತಿ.

ಪ್ರೀತಿಯ ಪ್ರಶ್ನೆ ಬಂದ ಮೇಲೆ ಯಾರು ಮಾತಾಡುತ್ತಾರೆ? ತೀರ್ಮಾನವಾಯಿತು. ಸಂಘದಲ್ಲಿ ಹೆಣಿಗೆ ಬರುತ್ತಿದ್ದದ್ದು ಮಿಶನ್ ಶಾಲೆಯಲ್ಲಿ ಕಲಿತಿದ್ದ ರತ್ನಾವತಿ ಒಬ್ಬಳಿಗೇ ಎಂಬುದು ಆಮೇಲೆ ತಿಳಿಯಿತು. ಉಳಿದವರಿಗೆ ಕಲಿಸುವ ಕೆಲಸವೂ ಅವಳ ತಲೆಗೇ ಬಿತ್ತು. ಐವತ್ತು ವರ್ಷದ ಹಿಂದೆ ಜರ್ಮನ್ ಮಿಶನರಿ ಅಮ್ಮನೊಬ್ಬಳು ಬಿಟ್ಟುಹೋಗಿದ್ದ ನಮೂನೆ ಪುಸ್ತಕ ದೇವಾಲಯದ ಕಪಾಟಿನಲ್ಲಿ ಸಿಕ್ಕಿತು. ಅದರಲ್ಲಿ 'ಹತ್ತು ವರ್ಷದ ಹುಡುಗನಿಗೆ' ಎಂದಿದ್ದ ಅಳತೆಯನ್ನೇ ಎಲ್ಲರೂ ಹಿಡಿದರು. ಜರ್ಮನಿಯ ಹತ್ತು ವರ್ಷದ ಹುಡುಗ ಎಷ್ಟು ದಷ್ಟಪುಷ್ಟನೆಂದು ಯಾರೂ ಯೋಚಿಸಲಿಲ್ಲ. ಮೊದಲ ಸ್ವೆಟರು ಮುಗಿದಾಗ ರತ್ನಾವತಿಯ ಮಗಳು ನಮಿತಾ ಅದನ್ನು ಬೆಳಕಿಗೆ ಹಿಡಿದು ನೋಡಿ, "ಅಮ್ಮಾ, ಇದು ಸ್ವೆಟರಾ, ಕೂಡಾರಮಾ? ಒಳಗೆ ಒರು ಫ್ಯಾಮಿಲಿಯೇ ಇರಲಾಮ್," ಅಂದಳು. ಮದರಾಸಿನಲ್ಲಿ ಬೆಳೆದವಳಿಗೆ ಗುಡಾರವೂ ಕೂಡಾರಮ್ಮೇ.

ಹೆಣಿಗೆಗೆ ಹಿಡಿದದ್ದಕ್ಕಿಂತ ಹೆಚ್ಚು ದಿನ ಲೇಬಲ್ಲಿಗೆ ಹಿಡಿಯಿತು. ಕುತ್ತಿಗೆಯ ಹಿಂದೆ ಹೊಲಿಯುವ ಬಟ್ಟೆಪಟ್ಟಿಯಲ್ಲಿ ಸಭೆಯ ಹೆಸರು ಮೊದಲೋ, ಮಹಿಳಾ ಸಂಘದ ಹೆಸರು ಮೊದಲೋ? ಐದು ಭಾನುವಾರ ಚರ್ಚೆಯಾಯಿತು. ಸಭಾಪಾಲಕರನ್ನು ಅಲ್ಲಿ ಎಲ್ಲರೂ ಐಯರ್ ಎಂದೇ ಕರೆಯುವುದು, ಹಳೆಯ ಲುಥೆರನರ ರೂಢಿ. ಆ ಐಯರ್ ಬೈಬಲ್ಲಿನ ವಚನವೊಂದನ್ನೂ ಸೇರಿಸಬೇಕೆಂದರು. ವಚನ ಸೇರಿದ ಮೇಲೆ ಲೇಬಲ್ಲು ಅಂಗೈಯಷ್ಟು ಅಗಲವಾಯಿತು. ಹೀಗೆ ಏಪ್ರಿಲ್ ಇಪ್ಪತ್ತೆರಡಕ್ಕೆ ಅರವತ್ತನಾಲ್ಕು ಮರೂನ್ ಬಣ್ಣದ ಸ್ವೆಟರುಗಳು ಇಸ್ತ್ರಿಯಾಗಿ ವೇದಿಕೆಯ ಮೇಲೆ ಕುಳಿತವು.

ಐಯರ್ ಗುಜರಾತಿನ ಪರಿಹಾರ ಕೇಂದ್ರವೊಂದಕ್ಕೆ ಫೋನು ಮಾಡಿದರು. ಅಲ್ಲಿನವನು ಸಭ್ಯ ಮನುಷ್ಯ; ನಗಲಿಲ್ಲ. ಇಲ್ಲಿ ನಲವತ್ತೊಂದು ಡಿಗ್ರಿ ಬಿಸಿಲಿದೆ, ಸಾಧ್ಯವಾದರೆ ಟಾರ್ಪಾಲು, ಬಕೆಟ್ಟು ಕಳಿಸಿ ಎಂದ.

"ಕೊಟ್ಟದ್ದನ್ನು ಬೇಡ ಅನ್ನುವವರಿಗೆ ಕಷ್ಟ ಎಲ್ಲಿಂದ ಬರಬೇಕು?" ಎಂದರು ಸುಗಂತಿ.

ಈಗ ಚಳಿಯಲ್ಲಿ ನಡುಗುವ ಬಡವರು ಬೇಕಾಗಿದ್ದರು, ಅದೂ ಮೇ ತಿಂಗಳ ಮದರಾಸಿನಲ್ಲಿ. ನಾಲ್ಕು ಫ್ಯಾನುಗಳನ್ನು ಜೋರಾಗಿ ತಿರುಗಿಸಿ ಸಂಘ ಮತ್ತೆ ಸೇರಿತು. ಚಳಿಗಾಲದವರೆಗೆ ಇಟ್ಟು ಊಟಿಗೆ ಕಳಿಸೋಣ ಎಂದಳು ಒಬ್ಬಳು. ಸಾಧ್ಯವಿರಲಿಲ್ಲ, ಸ್ವೆಟರು ಕೊಡುವ ಸಮಾರಂಭಕ್ಕೆಂದು ಮೇ ಎರಡನೆಯ ಭಾನುವಾರಕ್ಕೆ ಮುಖ್ಯ ಅತಿಥಿಯನ್ನು ಕರೆದಾಗಿತ್ತು, ಶಾಮಿಯಾನ ಹೇಳಿಯಾಗಿತ್ತು. ರತ್ನಾವತಿ ಮತ್ತೊಮ್ಮೆ ಎದ್ದು ನಿಂತಳು.

"ಕಾಸಿಮೇಡಿನ ಮೀನು ಬಂದರಿನಲ್ಲಿ ಐಸ್ ಕೋಣೆಗಳಿವೆ. ಒಳಗೆ ಕೆಲಸ ಮಾಡುವವರು ಗೋಣಿಚೀಲ ಹೊದ್ದುಕೊಂಡು ಐಸ್ ಎತ್ತುತ್ತಾರೆ. ನಾನೇ ನೋಡಿದ್ದೇನೆ. ಅವರಿಗೆ ಮೇ ತಿಂಗಳೂ ಒಂದೇ, ಜನವರಿಯೂ ಒಂದೇ."

ಸುಗಂತಿ, "ಅವರಿಗೆ ಸಂಬಳ ಬರುತ್ತಲ್ಲ? ಸಂಬಳ ಬರುವವರಿಗೆ ಕೊಟ್ಟರೆ ಅದು ಧರ್ಮ ಹೇಗಾಗುತ್ತೆ?" ಎಂದರು. ಗಡ್ಡಮೀಸೆಯ ಗಂಡಸರು ಸಾಲಾಗಿ ನಿಂತರೆ ಫೋಟೋ ಚೆನ್ನಾಗಿರುವುದಿಲ್ಲ ಎಂದು ಇನ್ನೊಬ್ಬರು ಮೆಲ್ಲಗೆ ಸೇರಿಸಿದರು. ಕೊನೆಗೆ ಮಣಲಿ ದಾರಿಯಲ್ಲಿದ್ದ ಒಂದು ಅನಾಥಾಶ್ರಮದ ಮಕ್ಕಳೇ ತಕ್ಕವರೆಂದು ಗೊತ್ತಾಯಿತು. ಅವರಿಗೆ ಚಳಿಯಿತ್ತೇ ಎಂದು ಕೇಳುವ ಪ್ರಮೇಯ ಬರಲಿಲ್ಲ. ಅವರು ಬೇಡ ಎನ್ನುವಂತಿರಲಿಲ್ಲ, ಅದೇ ಮುಖ್ಯ.

ಆ ಭಾನುವಾರ ಬೆಳಿಗ್ಗೆ ಹನ್ನೊಂದೂವರೆಗೆ ಕರೆಂಟು ಹೋಯಿತು. ಅರವತ್ತನಾಲ್ಕು ಮಕ್ಕಳು ಉಣ್ಣೆಯ ಸ್ವೆಟರು ತೊಟ್ಟು ಆಶ್ರಮದ ಅಂಗಳದ ಶಾಮಿಯಾನದ ಕೆಳಗೆ ನಿಂತಿದ್ದರು. ಸ್ವೆಟರು ಮೊಣಕಾಲಿನವರೆಗೆ ಇಳಿದು, ಕೈಗಳು ಕಾಣದೆ, ಯಾರೋ ಒಣಗಲು ಹಾಕಿ ಮರೆತ ಬಟ್ಟೆಗಳ ಹಾಗೆ ಕಾಣುತ್ತಿದ್ದರು. ಐಯರ್ ಪ್ರೀತಿಯ ಬಿಸುಪಿನ ಬಗ್ಗೆ ಪ್ರಸಂಗಿಸುತ್ತ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಮುಖ್ಯ ಅತಿಥಿ ಎಳನೀರು ಕುಡಿದು, ತಾವು ಹಿಂದೊಮ್ಮೆ ಸ್ವಿಟ್ಜರ್ಲೆಂಡಿಗೆ ಹೋಗಿದ್ದನ್ನು ವಿವರವಾಗಿ ಹೇಳಿದರು. ರತ್ನಾವತಿಯ ಸೆರಗನ್ನು ಒಬ್ಬ ಸಣ್ಣ ಹುಡುಗಿ ಜಗ್ಗಿದಳು. ಮುಖ ಕೆಂಪಗಾಗಿತ್ತು.

"ಆಂಟಿ, ಎಪ್ಪೋ ಕಳಟ್ಟಲಾಮ್?"

ಯಾವಾಗ ಬಿಚ್ಚಬಹುದು ಎಂದು ಕೇಳುತ್ತಿದ್ದಳು. ರತ್ನಾವತಿ ಅವಳ ಕಡೆ ಬಗ್ಗುವಷ್ಟರಲ್ಲಿ ಮುಂದಿನ ಸಾಲಿನ ಒಬ್ಬ ಹುಡುಗ ನಿಂತಲ್ಲೇ ಕುಸಿದ. ಫೋಟೋದವನು, "ಒಂದೇ ನಿಮಿಷ, ಇನ್ನೊಂದು ಸ್ನ್ಯಾಪ್," ಅಂದ.

ಆಗ ರತ್ನಾವತಿಗೆ ಏನಾಯಿತೋ. ಇಪ್ಪತ್ತಾರು ವರ್ಷ ಈ ಸಭೆಯಲ್ಲಿ ಹೇಳುವುದನ್ನು ಹೇಳಿ ಮತ್ತೆ ಕುಳಿತುಕೊಳ್ಳುತ್ತಿದ್ದವಳು ನೇರ ವೇದಿಕೆಯ ಮುಂದೆ ಹೋಗಿ, ಬಿದ್ದ ಹುಡುಗನ ಸ್ವೆಟರನ್ನು ತಲೆಯ ಮೇಲಿಂದ ಎಳೆದು ತೆಗೆದಳು. ಅವನಿಗೆ ನೀರು ಕುಡಿಸಿ, ಪಕ್ಕದವನದನ್ನೂ ತೆಗೆದಳು. ಆಮೇಲೆ ಯಾರೂ ಹೇಳಬೇಕಾಗಲಿಲ್ಲ. ಎರಡು ನಿಮಿಷದಲ್ಲಿ ಮಕ್ಕಳೆಲ್ಲ ಬನಿಯನ್ನಿನಲ್ಲಿದ್ದರು, ನೆಲದ ತುಂಬ ಮರೂನ್ ಉಣ್ಣೆ. ಸುಗಂತಿ ಮೈಕು ಹಿಡಿದು, ಮಕ್ಕಳಿಗೆ ಸಂತೋಷ ತಡೆಯಲಾಗಲಿಲ್ಲ ಎಂದು ಘೋಷಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಕಾರುಗಳು ಹೋದ ಮೇಲೆ ಆಶ್ರಮದ ಮೇಲ್ವಿಚಾರಕಿ ಪುಟ್ಟತಾಯಮ್ಮ ಸೊಂಟದ ಮೇಲೆ ಕೈಯಿಟ್ಟು ಆ ರಾಶಿ ನೋಡುತ್ತ ನಿಂತಿದ್ದಳು. ಮೈಸೂರಿನ ಕಡೆಯವಳು, ಮದರಾಸಿಗೆ ಬಂದು ಬಹಳ ವರ್ಷವಾಗಿತ್ತು.

"ಇದನ್ನೆಲ್ಲ ಎಲ್ಲಿಡ್ಲಿ ರತ್ನಮ್ಮ? ಮಕ್ಕಳಿಗೆ ಚಡ್ಡಿ ಬೇಕು ಅಂತ ನಿಮ್ ಐಯರ್‌ಗೆ ಕಾಗದ ಬರ್ದು ಆರು ತಿಂಗಳಾಯ್ತು. ಕೊಡಲಿಲ್ಲ. ಯಾಕೆ ಕೊಡ್ತಾರೆ ಹೇಳಿ? ಚಡ್ಡಿಗೆ ಹೆಸರು ಹೊಲಿದ್ರೆ ಯಾರಿಗ್ ಕಾಣತ್ತೆ?"

ರತ್ನಾವತಿ ನಕ್ಕುಬಿಟ್ಟಳು. ನಗು ನಿಲ್ಲಿಸಲು ಆಗದೆ ಮೆಟ್ಟಿಲ ಮೇಲೆ ಕುಳಿತಳು. ಪುಟ್ಟತಾಯಮ್ಮನೂ ನಕ್ಕಳು. ಆಮೇಲೆ ಇಬ್ಬರೂ ಸೇರಿ ಸ್ವೆಟರುಗಳನ್ನು ನಾಲ್ಕು ಗೋಣಿಗಳಿಗೆ ತುಂಬಿ, ಒಂದು ಆಟೋ ಕರೆದು ಕಾಸಿಮೇಡಿಗೆ ಹೊರಟರು.

ಐಸ್ ಕೋಣೆಯ ಮೇಸ್ತ್ರಿ ಕಾಂತಪ್ಪ ಮಲ್ಪೆಯವನು. ಶನಿವಾರಗಳಲ್ಲಿ ರತ್ನಾವತಿಗೆ ಒಳ್ಳೆಯ ಬಂಗುಡೆ ಯಾವ ಬುಟ್ಟಿಯಲ್ಲಿದೆ ಎಂದು ಕಣ್ಸನ್ನೆ ಮಾಡುವವನು. ಅವನು ಸ್ವೆಟರು ತೊಟ್ಟು ತೋಳು ಚಾಚಿ ನೋಡಿದ. ಜರ್ಮನಿಯ ಹತ್ತು ವರ್ಷದ ಹುಡುಗನ ಅಳತೆ ಮಲ್ಪೆಯ ನಲವತ್ತು ವರ್ಷದವನಿಗೆ ಹೇಳಿ ಮಾಡಿಸಿದಂತೆ ಕೂತಿತು.

"ಭಾರೀ ಪಸಂದ್ ಉಂಟು ಅಕ್ಕ," ಅಂದ. ಮರುಗಳಿಗೆ ಕುತ್ತಿಗೆಯ ಹಿಂದೆ ಕೈ ಹಾಕಿ, ಬ್ಲೇಡಿನಿಂದ ಲೇಬಲ್ಲನ್ನು ಕತ್ತರಿಸಿದ. "ಬೇಜಾರು ಮಾಡ್ಬೇಡಿ. ಚುಚ್ತದೆ ಮಾರ್ರೆ."

ಮುಂದಿನ ಭಾನುವಾರ ರತ್ನಾವತಿ ಬೈಸಿಕೊಳ್ಳಲು ಸಿದ್ಧಳಾಗಿಯೇ ಸುಗಂತಿಗೆ ಎಲ್ಲವನ್ನೂ ಹೇಳಿದಳು. ಸುಗಂತಿ ಕಣ್ಣು ಮುಚ್ಚಿ ಯೋಚಿಸಿದರು. "ಫೋಟೋ ತೆಗೆದಿದ್ದೀಯಾ?" ಎಂದು ಕೇಳಿದರು.

ತೆಗೆದಿರಲಿಲ್ಲ. ಹಾಗಾಗಿ ಬುಧವಾರ ಬೆಳಿಗ್ಗೆ ಸುಗಂತಿ ಕಾಂಚೀಪುರಂ ಸೀರೆಯುಟ್ಟು, ಫೋಟೋದವನನ್ನೂ ರತ್ನಾವತಿಯನ್ನೂ ಕರೆದುಕೊಂಡು ಬಂದರಿಗೆ ಬಂದರು. ಕೆಲಸದ ಹೊತ್ತು, ಯಾರೂ ಹೊರಗೆ ಬರುವಂತಿಲ್ಲ, ಬೇಕಾದರೆ ಒಳಗೆ ಬಂದು ತೆಗೆಯಿರಿ ಎಂದ ಕಾಂತಪ್ಪ. ಸುಗಂತಿ ಒಳಗೆ ಹೋದರು. ಬಾಗಿಲು ಮುಚ್ಚಿತು. ಫೋಟೋದವನ ಕ್ಯಾಮೆರಾಕ್ಕೆ ಮಂಜು ಹಿಡಿಯಿತು. ಅವನು ಒರೆಸಿದ, ಮತ್ತೆ ಹಿಡಿಯಿತು. ಮೂರು ನಿಮಿಷಕ್ಕೆ ಸುಗಂತಿಯ ಹಲ್ಲು ಕಟಕಟ ಎನ್ನತೊಡಗಿತು. ಚಪ್ಪಲಿಯ ಕೆಳಗಿನ ಐಸಿನ ನೀರು ಬೆರಳುಗಳಿಗೆ ಏರಿತ್ತು. ಬಾಗಿಲು ಎಲ್ಲಿದೆಯೆಂದು ತಿಳಿಯದೆ ಅವರು ಗೋಡೆ ತಡವುವುದನ್ನು ಕಂಡು ಕಾಂತಪ್ಪ ತನ್ನ ಸ್ವೆಟರು ಕಳಚಿ, ಮೀನಿನ ವಾಸನೆಯ ಆ ಒದ್ದೆ ಉಣ್ಣೆಯನ್ನು ಅವರ ಹೆಗಲಿಗೆ ಹೊದಿಸಿ ಹೊರಗೆ ಕರೆತಂದ.

ಸುಗಂತಿ ಬಿಸಿಲಿನಲ್ಲಿ ಮೀನಿನ ಪೆಟ್ಟಿಗೆಯೊಂದರ ಮೇಲೆ ಕುಳಿತರು. ಕಾಂತಪ್ಪ ಗ್ಲಾಸಿನಲ್ಲಿ ಚಹಾ ತಂದುಕೊಟ್ಟ. ಅರ್ಧ ಗ್ಲಾಸು ಕುಡಿದು ಅವರು ಅವನ ಕಡೆ ತಿರುಗಿದರು.

"ಎಷ್ಟು ಹೊತ್ತು ಒಳಗಿರ್ತಾರೆ?"

"ಎಂಟು ಗಂಟೆ."

ಸುಗಂತಿ ಬಾಗಿಲಿನಿಂದ ಬಂದುಹೋಗುವವರ ಕಾಲುಗಳನ್ನು ನೋಡಿದರು. ಎಲ್ಲರೂ ಹವಾಯಿ ಚಪ್ಪಲಿಯಲ್ಲಿದ್ದರು.

ಇದರಿಂದ ಸುಗಂತಿ ಪೊನ್ನುದುರೈ ಬದಲಾಗಿಬಿಟ್ಟರು ಎಂದೇನೂ ಅಲ್ಲ. ಆ ವರ್ಷದ ವರದಿಯಲ್ಲಿ ಮಹಿಳಾ ಸಂಘವು ಗುಜರಾತಿಗಾಗಿ ಅರವತ್ತನಾಲ್ಕು, ಅನಾಥ ಮಕ್ಕಳಿಗೆ ಅರವತ್ತನಾಲ್ಕು, ಬಂದರಿನ ಕಾರ್ಮಿಕರಿಗೆ ಅರವತ್ತನಾಲ್ಕು ಸ್ವೆಟರುಗಳನ್ನು ಹೆಣೆಯಿತೆಂದು ಅಚ್ಚಾಯಿತು; ಐಯರ್ ಅದನ್ನು ವೇದಿಕೆಯಿಂದ ಓದಿ ದೇವರಿಗೆ ಸ್ತೋತ್ರ ಹೇಳಿದರು. ಆದರೆ ಜೂನ್‌ನ ಒಂದು ಶನಿವಾರ ರತ್ನಾವತಿ ಮೀನಿಗೆ ಹೋದಾಗ ಕಾಂತಪ್ಪನ ಕಡೆಯವರೆಲ್ಲ ಮೊಣಕಾಲುದ್ದದ ಹೊಸ ರಬ್ಬರ್ ಬೂಟು ಹಾಕಿಕೊಂಡು ದಡಬಡ ಓಡಾಡುತ್ತಿದ್ದರು.

"ಮೊನ್ನೆ ಆ ಸೀರೆಯಮ್ಮ ಬಂದಿದ್ರು ಅಕ್ಕ," ಎಂದ ಕಾಂತಪ್ಪ. "ಒಬ್ಬರೇ. ಎಲ್ಲರ ಪಾದದ ಅಳತೆ ಚೀಟಿಯಲ್ಲಿ ಬರ್ಕೊಂಡು ಹೋದ್ರು. ಯಾರತ್ರವೂ ಹೇಳ್ಬೇಡ ಅಂದಿದ್ದಾರೆ."

ಮೀನಿನ ಚೀಲ ಹಿಡಿದು ಬಸ್ಸಿಗೆ ಕಾಯುತ್ತ ರತ್ನಾವತಿ ಅದನ್ನೇ ಯೋಚಿಸಿದಳು. ಬೂಟಿನ ಸುದ್ದಿಯನ್ನು ಸುಗಂತಿ ಯಾಕೆ ಮುಚ್ಚಿಟ್ಟರು? ವೇದಿಕೆಯ ಮೇಲೆ ಅಷ್ಟೊಂದು ಬೂಟುಗಳನ್ನು ಸಾಲಾಗಿ ಇಟ್ಟರೆ ಚೆನ್ನಾಗಿ ಕಾಣುವುದಿಲ್ಲ ಎಂದೇ ಇರಬೇಕು ಎಂದುಕೊಂಡಳು. ಹಾಗೆಂದುಕೊಂಡರೂ, ಮರುದಿನ ದೇವಾಲಯದಲ್ಲಿ ಸುಗಂತಿಯ ಪಕ್ಕದ ಜಾಗ ಖಾಲಿಯಿದ್ದದ್ದು ಕಂಡು ಅಲ್ಲಿಯೇ ಹೋಗಿ ಕುಳಿತಳು.