ಲೋಟದ ನೀರು ಕಂದಾದದ್ದೇಕೆ?

ಫಿಲ್ಟರ್ ಮಾರುವವನು ಟೈಲರಮ್ಮನ ಮೇಜಿನ ಮೇಲೆ ಎರಡು ಲೋಟ ಇಟ್ಟ. ಒಂದರಲ್ಲಿ ಅವರ ಮನೆಯ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಅವನ ಫಿಲ್ಟರ್ ನೀರು. ಕರೆಂಟಿನ ಕಡ್ಡಿಗಳನ್ನು ಇಳಿಬಿಟ್ಟದ್ದೇ ತಡ, ಇವರ ನೀರು ಕಂದು ಬಣ್ಣಕ್ಕೆ ತಿರುಗಿತು. ಅವನದ್ದು ತಿಳಿಯಾಗಿಯೇ ಇತ್ತು.

"ನೋಡಿದ್ರಾ ಅಮ್ಮ? ಇಷ್ಟು ದಿನ ವಿಷ ಕುಡೀತಿದ್ರಿ!"

ಮನೆಯಲ್ಲಿ ಎಳೆ ಮೊಮ್ಮಗಳಿದ್ದಾಳೆ. ಟೈಲರಮ್ಮ ಅವಳ ಕಡೆ ನೋಡಿದಳು. ಹೊಲಿಗೆ ಮೆಷಿನ್ ಮಾರಿಯಾದರೂ ಫಿಲ್ಟರ್ ಕೊಳ್ಳುವುದೆಂದು ನಿಶ್ಚಯಿಸಿ, ನಾಳೆ ಬಾ ಎಂದು ಅವನನ್ನು ಕಳಿಸಿದಳು.

ಸಂಜೆ ಹೊಲಿದ ಅಂಗಿ ಒಯ್ಯಲು ಬಂದ ಪಕ್ಕದ ಮನೆಯ ನರ್ಸ್ ಎಲ್ಲವನ್ನೂ ಕೇಳಿದಳು. "ಅಕ್ಕ, ಅನ್ನ ಕೊಡೋ ಮೆಷಿನ್ ಮಾರೋ ಮೊದಲು ಫೋನ್‌ನಲ್ಲಿ ಸ್ವಲ್ಪ ಹುಡುಕಿ ನೋಡಬಾರದಾ?"

"ಫೋನೇನು ನೀರು ಕುಡಿದು ರುಚಿ ಹೇಳುತ್ತಾ?" ಎಂದು ಟೈಲರಮ್ಮನ ಗಂಡ ನಕ್ಕ.

ಟೈಲರಮ್ಮ ಫೋನಿನ ಮೈಕ್ ಒತ್ತಿ "ನೀರು" ಎಂದಳು. ಸಮುದ್ರ, ಜಲಪಾತ, ಹಾಡು, ಬಾಟಲಿಯ ಜಾಹೀರಾತು, ಎಲ್ಲ ಬಂತು.

"ಅಯ್ಯೋ, ಪ್ರವಾಹ ಕಣೇ ಇದು! ಇದರಲ್ಲಿ ನನ್ನ ಲೋಟ ಎಲ್ಲಿ ಹುಡುಕ್ಲಿ?"

"ಯಾರಾದ್ರೂ ಬಂದು ಬರೀ 'ಹೊಲಿದುಕೊಡಿ' ಅಂದ್ರೆ ಹೊಲೀತೀರಾ?" ಎಂದು ನರ್ಸ್ ಕೇಳಿದಳು.

"ಹೇಗೆ ಹೊಲೀಲಿ? ಏನು, ಯಾರಿಗೆ, ಯಾವ ಅಳತೆ ಅಂತ ಬೇಡ್ವಾ?"

"ಫೋನಿಗೂ ಅಳತೆ ಕೊಡಿ ಮತ್ತೆ!"

ಟೈಲರಮ್ಮ ಬಿಡಿಸಿ ಕೇಳಿದಳು: "ಕುಡಿಯೋ ನೀರಲ್ಲಿ ಕರೆಂಟಿನ ಕಡ್ಡಿ ಇಟ್ಟರೆ ಕಂದು ಬಣ್ಣ ಯಾಕೆ ಬರುತ್ತೆ?"

ಮೊದಲ ಉತ್ತರವೇ, 'ನಿಮ್ಮ ನೀರು ವಿಷ! ಇಂದೇ ಕೊಳ್ಳಿ!'

"ನೋಡು, ಇಲ್ಲೂ ಅದೇ ಇದೆ!"

"ಬರೆದೋರು ಯಾರು, ನೋಡಿ."

"ಫಿಲ್ಟರ್ ಕಂಪನಿ."

"ಹೆತ್ತೋರಿಗೆ ಹೆಗ್ಗಣ ಮುದ್ದು, ಅಕ್ಕ. ಮಾರೋ ಕೆಲಸ ಇಲ್ಲದೋರು ಏನಂತಾರೆ? ಒಬ್ಬರ ಮಾತೇ ಸಾಲದು, ಇನ್ನೊಬ್ಬರದ್ದೂ ಓದಿ."

ಕಾಲೇಜಿನ ವಿಜ್ಞಾನ ಶಿಕ್ಷಕರೊಬ್ಬರು ಬರೆದದ್ದು ಸಿಕ್ಕಿತು. ಸರ್ಕಾರದ ನೀರಿನ ಲ್ಯಾಬಿನದ್ದೂ ಸಿಕ್ಕಿತು. ಇಬ್ಬರದ್ದೂ ಒಂದೇ ಮಾತು: ಬಣ್ಣ ಬರುವುದು ಕಬ್ಬಿಣದ ಕಡ್ಡಿಯಿಂದ. ನೀರಿನಲ್ಲಿ ಲವಣವಿದ್ದರೆ ಕರೆಂಟು ಹರಿದು ಕಡ್ಡಿ ಸವೆಯುತ್ತದೆ, ಅದರ ತುಕ್ಕೇ ಈ ಕಂದು ಬಣ್ಣ. ಫಿಲ್ಟರ್ ನೀರಿನಲ್ಲಿ ಲವಣ ತೀರಾ ಕಡಿಮೆ. ಉಪ್ಪು ಹಾಕಿದರೆ ಅದೂ ಕಂದಾಗುತ್ತದೆ.

"ಹಾಗಾದ್ರೆ ನಮ್ಮ ನೀರು ಅಮೃತ!" ಎಂದ ಗಂಡ.

"ಬೆಳ್ಳಗಿರೋದೆಲ್ಲ ಹಾಲಲ್ಲ, ಅಣ್ಣ. ಈ ಆಟದಿಂದ ಒಳ್ಳೇದೂ ಗೊತ್ತಾಗಲ್ಲ, ಕೆಟ್ಟದ್ದೂ ಗೊತ್ತಾಗಲ್ಲ. ಲ್ಯಾಬಿಗೆ ಕೊಡಿ. ಅಲ್ಲೀತನಕ ಕುದಿಸಿ, ಆರಿಸಿ ಕುಡೀರಿ. ಕರೆಂಟು ಮಾತ್ರ ನೀವು ಮುಟ್ಟಬೇಡಿ."

ಮರುದಿನ ಮಾರುವವನು ಬಂದ. ಮತ್ತೊಮ್ಮೆ ತೋರಿಸಪ್ಪ ಎಂದಳು ಟೈಲರಮ್ಮ. ಅವನು ಕಡ್ಡಿ ಇಳಿಸುವ ಮೊದಲೇ ಅವನ ಲೋಟಕ್ಕೆ ಚಿಟಿಕೆ ಉಪ್ಪು ಬಿತ್ತು. ಈ ಸಲ ಅವನ ನೀರೂ ಕಂದಾಯಿತು.

"ಅಯ್ಯೋ ಪಾಪ, ನಿನ್ನದೂ ವಿಷವಾಯ್ತಲ್ಲೋ ತಮ್ಮಾ!"

ಅವನು ಚೀಲ ಹೆಗಲಿಗೇರಿಸಿ "ಬರ್ತೀನಮ್ಮ" ಎಂದ.

"ನೀನು 'ಹೋಗ್ತೀನಿ' ಅಂದ್ರೂ ನಮಗೆ ಬೇಜಾರಿಲ್ಲ," ಎಂದ ಗಂಡ.

ಲ್ಯಾಬಿಗೆ ಕೊಟ್ಟಿದ್ದ ನೀರಿನ ವರದಿ ಬಂತು. ಲವಣ ಮಿತಿಯಲ್ಲೇ ಇತ್ತು, ಆದರೆ ನೀರಿನಲ್ಲಿ ಕ್ರಿಮಿಗಳಿದ್ದವು! ಮುಚ್ಚಳವಿಲ್ಲದ ಟ್ಯಾಂಕಿನ ಕೆಲಸ ಅದು. ಗಂಡ ಗೊಣಗುತ್ತಲೇ ಟ್ಯಾಂಕಿಗಿಳಿದು ಉಜ್ಜಿದ. ನರ್ಸ್ ಹೇಳಿದಷ್ಟು ಕ್ಲೋರಿನ್ ಹಾಕಿ, ಮುಚ್ಚಳ ಬಿಗಿದ. ಮತ್ತೆ ಪರೀಕ್ಷೆ ಮಾಡಿಸಿದಾಗ ನೀರು ಶುದ್ಧವೆಂದು ಬಂದ ಮೇಲಷ್ಟೇ ಕುದಿಸುವುದನ್ನು ಬಿಟ್ಟರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ನೀರಿನ ಬಗ್ಗೆ ಯಾರಾದರೂ ಹೆದರಿಸಿದರೆ ಹೆದರಿ ಕೂರಬೇಡಿ, ನಂಬಿ ದುಡುಕಲೂ ಬೇಡಿ. ಫೋನ್ ಕೈಯಲ್ಲೇ ಇದೆ. ಸಂದೇಹವನ್ನು ಬಿಡಿಸಿ ಕೇಳಿ. ಬರೆದವರು ಯಾರು, ಅವರಿಗೇನು ಲಾಭ ಎಂದು ನೋಡಿ. ಆಮೇಲೆ ನೀರನ್ನು ಲ್ಯಾಬಿಗೆ ಕೊಡಿ. ಫೋನ್ ದಾರಿ ತೋರಿಸುತ್ತದೆ, ನಡೆಯಬೇಕಾದವರು ನಾವೇ. ಇವತ್ತೇ ಒಂದು ಪ್ರಶ್ನೆ ಕೇಳಿ ನೋಡಿ.